75,000 ರೂಪಾಯಿಗೆ ಗೇಮಿಂಗ್ ಪಿಸಿ: ಲೆಕ್ಕ ಡೊಂಬಿವಲಿಯಲ್ಲಿ, ಖರೀದಿ ಲ್ಯಾಮಿಂಗ್ಟನ್ ರೋಡಿನಲ್ಲಿ

ಗೇಮಿಂಗ್ ಪಿಸಿಗೆ ಎಷ್ಟು ದುಡ್ಡು ಇಡಬೇಕು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: ಯಾವ ಮಾನಿಟರ್ ಮೇಲೆ ಆಡುತ್ತೀರಿ? ಹೆಚ್ಚಿನವರು ಗ್ರಾಫಿಕ್ಸ್ ಕಾರ್ಡಿನಿಂದ ಲೆಕ್ಕ ಶುರು ಮಾಡುತ್ತಾರೆ. ಇದ್ದ ದುಡ್ಡಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಆಮೇಲೆ ಪ್ರೊಸೆಸರ್, ಮದರ್‌ಬೋರ್ಡ್. ಎಲ್ಲಕ್ಕೂ ಕರೆಂಟ್ ಕೊಡುವ ಎಸ್‌ಎಂಪಿಎಸ್‌ಗೆ ಬರುವ ಹೊತ್ತಿಗೆ ಕೈ ಬರಿದಾಗಿರುತ್ತದೆ. ಮಾನಿಟರ್ ಅಂತೂ ಪಟ್ಟಿಯಲ್ಲೇ ಇರುವುದಿಲ್ಲ. 2025ರ ಮೇ ತಿಂಗಳಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ಅಕ್ಕನ ಮಗನಿಗೆ ಪಿಸಿ ಕಟ್ಟುವಾಗ ನಾವು ಮಾನಿಟರ್‌ನಿಂದ ಶುರು ಮಾಡಿ ಹಿಂದಕ್ಕೆ ಲೆಕ್ಕ ಹಾಕಿದೆವು. ಆ ಲೆಕ್ಕ, ಖರೀದಿ, ಜೋಡಣೆ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಮುಂಬೈ ಸುತ್ತಮುತ್ತ ಇರುವ ನಮ್ಮ ಹುಡುಗರಿಗೆ, ಅವರಿಗಿಂತ ಜಾಸ್ತಿಯಾಗಿ, ದುಡ್ಡು ಕೊಡುವ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರಲಿ.

ಹುಡುಗ ಹನ್ನೆರಡನೇ ತರಗತಿ ಮುಗಿಸಿ ಎಂಜಿನಿಯರಿಂಗ್ ಸೇರುವವನಿದ್ದ. ಆಡುವುದು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಮತ್ತೆ ಜಿಟಿಎ 5. ಓದಿಗೆ ಬೇಕಾದದ್ದು ಸಿ, ಪೈಥಾನ್, ಸ್ವಲ್ಪ ಡ್ರಾಯಿಂಗ್ ಸಾಫ್ಟ್‌ವೇರ್. ಭಾವ ಹೇಳಿದ ಮೊತ್ತ 60,000. ಅವರು ಎಲ್ಲೋ ನೋಡಿದ್ದ ಒಂದು ಲ್ಯಾಪ್‌ಟಾಪಿನ ಬೆಲೆ ಅದು. ಹುಡುಗ ಆ 60,000ಕ್ಕೆ ಸರಿಯಾಗಿ ಒಂದು ಪಟ್ಟಿ ಮಾಡಿಟ್ಟುಕೊಂಡಿದ್ದ. ಅದರಲ್ಲಿ ಆರ್‌ಟಿಎಕ್ಸ್ 4060 ಕಾರ್ಡ್ ಇತ್ತು, ಇಂಟೆಲ್ ಐ3 12100ಎಫ್ ಇತ್ತು, 16 ಜಿಬಿಯ ಒಂದೇ ಒಂದು ರ‍್ಯಾಮ್ ಸ್ಟಿಕ್ ಇತ್ತು. ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ ಜೊತೆ ಬರುವುದು. ಮಾನಿಟರ್ ಮನೆಯಲ್ಲಿದ್ದ ಹಳೆಯದು: 19 ಇಂಚು, 1366 × 768, 60 ಹರ್ಟ್ಸ್.

"ಮಾಮ, ಕಾರ್ಡ್ ಚೆನ್ನಾಗಿದ್ರೆ ಸಾಕಲ್ವಾ? ಮಾನಿಟರ್ ಆಮೇಲೆ ತಗೋಬಹುದು" ಅಂದ.

ಇದೇ ಮಾತನ್ನು ತುಂಬ ಹುಡುಗರು ಹೇಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 60 ಹರ್ಟ್ಸ್ ಮಾನಿಟರ್ ಒಂದು ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಕಾರ್ಡ್ ಸೆಕೆಂಡಿಗೆ 200 ಚಿತ್ರ ಬಿಡಿಸಿದರೂ ಪರದೆಯ ಮೇಲೆ ಬರುವುದು 60 ಸಲವೇ. 28,000 ರೂಪಾಯಿ ಕೊಟ್ಟು ತಂದ ಕಾರ್ಡಿನ ಮುಕ್ಕಾಲು ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ವ್ಯಾಲರಂಟ್‌ನಂಥ ಆಟದಲ್ಲಿ ಮೂಲೆಯಿಂದ ಎದುರಾಳಿ ಇಣುಕಿದ್ದು ಎಷ್ಟು ಬೇಗ ಕಾಣುತ್ತದೆ ಅನ್ನುವುದೇ ಎಲ್ಲ. ಅಲ್ಲಿ 60ರಿಂದ 165ಕ್ಕೆ ಹೋದರೆ ಆಡುವವನಿಗೆ ಮೊದಲ ದಿನವೇ ಗೊತ್ತಾಗುತ್ತದೆ.

ಇನ್ನೊಂದು ಲೆಕ್ಕ ಪಿಕ್ಸೆಲ್‌ಗಳದ್ದು. 1920 × 1080 ಅಂದರೆ ಸುಮಾರು 20.7 ಲಕ್ಷ ಚುಕ್ಕೆ. 2560 × 1440 ಅಂದರೆ ಸುಮಾರು 36.9 ಲಕ್ಷ. 4ಕೆ ಅಂದರೆ ಸುಮಾರು 83 ಲಕ್ಷ. ಪ್ರತಿ ಚಿತ್ರಕ್ಕೂ ಕಾರ್ಡ್ ಇಷ್ಟು ಚುಕ್ಕೆ ತುಂಬಬೇಕು. ಮಾನಿಟರ್ ಒಂದು ಮೆಟ್ಟಿಲು ಮೇಲೆ ಹೋದರೆ ಕಾರ್ಡೂ ಹೋಗಬೇಕು, ಅದರ ಹಿಂದೆ ಎಸ್‌ಎಂಪಿಎಸ್, ಕ್ಯಾಬಿನೆಟ್ ಎಲ್ಲವೂ. ಹೀಗಾಗಿ ಮಾನಿಟರ್ ಗಟ್ಟಿಯಾದರೆ ಬಜೆಟ್ ಅರ್ಧ ಗಟ್ಟಿಯಾದ ಹಾಗೆ. ನಾವು ನಿಲ್ಲಿಸಿದ್ದು 24 ಇಂಚಿನ ಐಪಿಎಸ್ ಪರದೆ, 1080ಪಿ (ಅಂದರೆ 1920 × 1080), 165 ಹರ್ಟ್ಸ್‌ನಲ್ಲಿ. ಬೆಲೆ 9,500. ಹುಡುಗನ ಮೇಜು ಗೋಡೆಗೆ ಅಂಟಿಕೊಂಡಿದೆ, ಅವನು ಕೂರುವುದು ಪರದೆಯಿಂದ ಎರಡು ಅಡಿ ದೂರದಲ್ಲಿ. ಅಷ್ಟು ಹತ್ತಿರಕ್ಕೆ 27 ಇಂಚು ಬೇಡವೇ ಬೇಡ.

ಕಾರ್ಡ್

1080ಪಿಗೆ ಆಗ ನಮ್ಮ ಕೈಗೆಟುಕುವಂತೆ ಇದ್ದದ್ದು ಮೂರು. ಆರ್‌ಎಕ್ಸ್ 6600, ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ, ಮತ್ತು ಆರ್‌ಟಿಎಕ್ಸ್ 4060. ಮೂರೂ ಬೇರೆ ಬೇರೆ ವರ್ಷದವು: 3060 ಬಂದದ್ದು 2021ರ ಫೆಬ್ರವರಿಯಲ್ಲಿ, 6600 ಅದೇ ವರ್ಷ ಅಕ್ಟೋಬರ್‌ನಲ್ಲಿ, 4060 ಬಂದದ್ದು 2023ರ ಜೂನ್‌ನಲ್ಲಿ. ನಮಗೆ ಹೇಳಿದ ಬೆಲೆ 6600ಕ್ಕೆ 19,500, 3060ಕ್ಕೆ 24,500, 4060ಕ್ಕೆ 28,000.

ಸುಮ್ನೆ ವೇಗ ನೋಡಿದರೆ 4060 ಮುಂದೆ. ಕರೆಂಟೂ ಕಡಿಮೆ ಕುಡಿಯುತ್ತದೆ, 115 ವ್ಯಾಟ್. ಆದರೆ ಈ ಹುಡುಗ ಆಡುವ ಮೂರೂ ಆಟ 6600ರಲ್ಲಿ ಆರಾಮಾಗಿ ಓಡುತ್ತವೆ. ವ್ಯಾಲರಂಟ್ ಮತ್ತು ಕೌಂಟರ್ ಸ್ಟ್ರೈಕ್ 2ರಲ್ಲಿ ಫ್ರೇಮ್ ಸಂಖ್ಯೆಯನ್ನು ಹೆಚ್ಚಾಗಿ ನಿರ್ಧರಿಸುವುದು ಪ್ರೊಸೆಸರ್. 8,500 ರೂಪಾಯಿ ಜಾಸ್ತಿ ಕೊಟ್ಟು 4060 ಹಾಕಿ, ಕೆಳಗೆ ನಾಲ್ಕು ಕೋರಿನ ಐ3 ಇಟ್ಟರೆ ಅವನ ಆಟಕ್ಕೇ ಲಾಭವಿಲ್ಲ. ಅದೇ ದುಡ್ಡನ್ನು ಆರು ಕೋರಿನ ಪ್ರೊಸೆಸರ್ ಮತ್ತು ಒಳ್ಳೆಯ ಮಾನಿಟರ್‌ಗೆ ಹಾಕಿದರೆ ದಿನವೂ ಕಾಣುತ್ತದೆ.

3060ರ ಬಗ್ಗೆ ನಾವು ಗಂಭೀರವಾಗಿಯೇ ಯೋಚಿಸಿದೆವು. 12 ಜಿಬಿ ಮೆಮೊರಿ ಇದೆ, ಎನ್‌ವಿಡಿಯಾದ CUDA (ಕಾರ್ಡಿನಿಂದ ಲೆಕ್ಕದ ಕೆಲಸ ಮಾಡಿಸುವ ವ್ಯವಸ್ಥೆ) ಇದೆ. ಬ್ಲೆಂಡರ್ ರೆಂಡರಿಂಗ್‌ಗೆ, ಮಷೀನ್ ಲರ್ನಿಂಗ್ ಕಲಿಯುವವರಿಗೆ ಅದು ಬೇರೆಯೇ ಅನುಕೂಲ. ಆದರೆ ಎಂಜಿನಿಯರಿಂಗ್ ಮೊದಲ ವರ್ಷದ ಪಾಠಕ್ಕೆ ಗ್ರಾಫಿಕ್ಸ್ ಕಾರ್ಡೇ ಬೇಡ. ಕಲಿಯಲು ಶುರು ಮಾಡಿದರೂ ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆಯಾಗಿ ಸಿಗುವ ಜಿಪಿಯು ಸಾಕಷ್ಟು ದೂರ ಒಯ್ಯುತ್ತದೆ. ಎರಡು ಮೂರು ವರ್ಷದ ನಂತರ ಏನು ಬೇಕಾದೀತೋ ಎಂದು ಇವತ್ತೇ ಐದು ಸಾವಿರ ಕೊಡುವುದು ನನಗೆ ಸರಿ ಕಾಣಲಿಲ್ಲ. ಕಾರ್ಡ್ ಬದಲಿಸುವುದು ಪಿಸಿಯಲ್ಲಿ ಅತ್ಯಂತ ಸುಲಭದ ಕೆಲಸ. ತೆಗೆದ ಹಳೆ ಕಾರ್ಡಿಗೆ ಮಾರುಕಟ್ಟೆಯೂ ಇದೆ.

ಹಳೆ ಕಾರ್ಡ್ ಯಾಕೆ ಬೇಡ ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಕರೆನ್ಸಿ ತನ್ನ ಪದ್ಧತಿ ಬದಲಿಸಿ ಕಾರ್ಡುಗಳಿಂದ ಮೈನಿಂಗ್ (ಲೆಕ್ಕ ಹಾಕಿಸಿ ನಾಣ್ಯ ಗಳಿಸುವುದು) ಮಾಡುವುದನ್ನು ನಿಲ್ಲಿಸಿತು. ಅಲ್ಲಿಯವರೆಗೆ ಹಗಲೂ ರಾತ್ರಿ ಓಡಿದ್ದ ಕಾರ್ಡುಗಳೆಲ್ಲ ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಚೆನ್ನಾಗಿರುವವೂ ಇವೆ. ಆದರೆ ಫ್ಯಾನ್ ಸವೆದಿದೆಯಾ, ಥರ್ಮಲ್ ಪ್ಯಾಡ್ ಎಣ್ಣೆ ಬಿಟ್ಟಿದೆಯಾ ಅಂತ ಬಿಚ್ಚಿ ನೋಡಲು ಬರುವವರು ಮಾತ್ರ ಅವನ್ನು ಕೊಳ್ಳಬೇಕು. ವಾರಂಟಿ ಇಲ್ಲದ ಕಾರ್ಡನ್ನು ಹದಿನೆಂಟು ವರ್ಷದ ಹುಡುಗನ ಕೈಗೆ ಕೊಟ್ಟು, ಕೆಟ್ಟರೆ ನೋಡೋಣ ಅನ್ನುವುದು ನನ್ನಿಂದಾಗದು.

ಉಳಿದ ಡಬ್ಬ

ಪ್ರೊಸೆಸರ್ ರೈಜೆನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, 65 ವ್ಯಾಟ್, ಡಬ್ಬದಲ್ಲೇ ಕೂಲರ್ ಬರುತ್ತದೆ. ಕೂರುವ ಸಾಕೆಟ್ ಎಎಂ4. ಎಎಂಡಿ 2022ರಲ್ಲೇ ಎಎಂ5 ತಂದಿದೆ, ಅದು ಮುಂದಿನ ವರ್ಷಗಳಿಗೆ ಒಳ್ಳೆಯದು ನಿಜ. ಆದರೆ ಅಲ್ಲಿ ಬೋರ್ಡ್ ದುಬಾರಿ, ಡಿಡಿಆರ್5 ರ‍್ಯಾಮ್ ದುಬಾರಿ. ಒಂದು ಲಕ್ಷದ ಹತ್ತಿರ ಇರುವವರು ಎಎಂ5 ನೋಡಲಿ. ನಮ್ಮ ಮೊತ್ತಕ್ಕೆ ಎಎಂ4 ಸರಿ.

ಇನ್ನು ಎಸ್‌ಎಂಪಿಎಸ್. ಇಲ್ಲಿ ನಾನು ಯಾರ ಜೊತೆಗೂ ಚೌಕಾಸಿಗೆ ಇಳಿಯುವುದಿಲ್ಲ. ಕ್ಯಾಬಿನೆಟ್ ಜೊತೆ ಬರುವ ಡಬ್ಬದ ಮೇಲೆ 450 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತದೆ. ಆ ಅಕ್ಷರ ಬಿಡಿ, ಪಕ್ಕದ ಸ್ಟಿಕ್ಕರ್ ಓದಿ. ಅಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಅಂತ ಇರುತ್ತದೆ. 16 ಅಂತ ಇದ್ದರೆ 12 × 16, ಅಂದರೆ 192 ವ್ಯಾಟ್. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಉಣ್ಣುವುದು ಆ 12 ವೋಲ್ಟಿನಿಂದಲೇ. ನಮ್ಮ ಕಾರ್ಡಿಗೆ 132 ವ್ಯಾಟ್, ಪ್ರೊಸೆಸರ್ ಪೂರ್ತಿ ದುಡಿದಾಗ 76 ವ್ಯಾಟ್. ಅಲ್ಲಿಗೇ 208 ಆಯಿತು. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಸೇರಿಸಿ 260 ಅಂತ ಇಟ್ಟುಕೊಳ್ಳಿ. ಸ್ಟಿಕ್ಕರ್‌ನಲ್ಲಿ 192 ಇರುವುದನ್ನು ಇದಕ್ಕೆ ಕಟ್ಟಿದರೆ ಆಟದ ನಡುವೆ ಪಿಸಿ ಆಫ್ ಆಗುತ್ತದೆ. ಅದೃಷ್ಟ ಕೆಟ್ಟರೆ ಹೋಗುವಾಗ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ನಾವು ತಂದದ್ದು 550 ವ್ಯಾಟ್‌ನದ್ದು, 80 ಪ್ಲಸ್ ಬ್ರಾಂಜ್. ಅದರ ಸ್ಟಿಕ್ಕರ್‌ನಲ್ಲಿ 12 ವೋಲ್ಟ್ ಎದುರು 45 ಆಂಪಿಯರ್ ಇತ್ತು, 540 ವ್ಯಾಟ್. ಬ್ರಾಂಜ್, ಗೋಲ್ಡ್ ಅನ್ನುವುದು ಎಷ್ಟು ಕರೆಂಟ್ ಶಾಖವಾಗಿ ಪೋಲಾಗುತ್ತದೆ ಅನ್ನುವುದರ ಅಳತೆ. ಸುರಕ್ಷತೆಯ ಅಳತೆ ಅದಲ್ಲ. ಅದಕ್ಕೇ ಮೊದಲು ಸ್ಟಿಕ್ಕರ್, ಆಮೇಲೆ ವಾರಂಟಿ ವರ್ಷ, ಕೊನೆಗೆ ಬ್ರಾಂಜ್.

ಯುಪಿಎಸ್ ಪಟ್ಟಿಗೆ ಸೇರಿದ್ದೂ ಇದೇ ಲೆಕ್ಕದಿಂದ. ಡೊಂಬಿವಲಿಯಲ್ಲಿ ಮಳೆ ಜೋರಾದರೆ ಕರೆಂಟ್ ಹೋಗಿ ಬರುವುದು ಇದ್ದದ್ದೇ. 260 ವ್ಯಾಟ್ ಕೊಡಲು ಎಸ್‌ಎಂಪಿಎಸ್ ಗೋಡೆಯಿಂದ 300 ದಾಟಿ ಎಳೆಯುತ್ತದೆ. ಮಾನಿಟರ್ ಸೇರಿದರೆ 330 ಆಸುಪಾಸು. 600 ವಿಎ ಯುಪಿಎಸ್ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಹೊಸದಿದ್ದಾಗ ತಡೆದೀತು, ಬ್ಯಾಟರಿ ಹಳತಾದ ಮೇಲೆ ತಡೆಯಲಾರದು. ಹಾಗಾಗಿ 1 ಕೆವಿಎ, 600 ವ್ಯಾಟ್‌ನದ್ದು ತಗೊಂಡೆವು. ಇದು ಆಟ ಮುಂದುವರಿಸಲು ಅಲ್ಲ, ಸರಿಯಾಗಿ ಶಟ್‌ಡೌನ್ ಮಾಡಲು.

ಕೊನೆಗೆ ಪಟ್ಟಿ ಹೀಗೆ ನಿಂತಿತು, ಎಲ್ಲ ಜಿಎಸ್‌ಟಿ ಸೇರಿ:

ಮಾನಿಟರ್ 9,500
ಯುಪಿಎಸ್ 5,500
ಕೀಬೋರ್ಡ್, ಮೌಸ್, ಹೆಡ್‌ಫೋನ್ 2,500
ರೈಜೆನ್ 5 5600 9,800
ಬಿ550 ಮದರ್‌ಬೋರ್ಡ್ 7,800
ಡಿಡಿಆರ್4 ರ‍್ಯಾಮ್, 8 ಜಿಬಿಯ ಎರಡು 3,200
1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ 5,200
ಆರ್‌ಎಕ್ಸ್ 6600 19,500
ಎಸ್‌ಎಂಪಿಎಸ್ 4,000
ಕ್ಯಾಬಿನೆಟ್ 3,500

ಒಟ್ಟು 70,500. ಭಾವನ ಮುಂದೆ ಇಟ್ಟೆ. ಅವರು ಸಹಕಾರಿ ಬ್ಯಾಂಕಿನಲ್ಲಿ ವರ್ಷಗಟ್ಟಲೆ ಸಾಲದ ಅರ್ಜಿ ನೋಡಿದವರು. ಒಂದೊಂದು ಸಾಲಿಗೂ ಬೆರಳಿಟ್ಟು ಯಾಕೆ ಅಂತ ಕೇಳಿದರು. ಯುಪಿಎಸ್‌ಗೆ ತಕರಾರಿಲ್ಲ, ಮಾನಿಟರ್‌ಗೂ ಇಲ್ಲ. ಮದರ್‌ಬೋರ್ಡಿನ ಹತ್ತಿರ ಬೆರಳು ನಿಂತಿತು. "ಇದರಲ್ಲೇ 2,000 ಕಡಿಮೆದು ಇದೆಯಲ್ಲ?" ಬಿ450 ಇತ್ತು, ನಿಜ. ಆದರೆ 6600 ಎಂಟೇ ಪಿಸಿಐ ಎಕ್ಸ್‌ಪ್ರೆಸ್ ಲೇನ್ (ಬೋರ್ಡಿಗೂ ಕಾರ್ಡಿಗೂ ನಡುವೆ ಮಾಹಿತಿ ಓಡುವ ದಾರಿ) ಬಳಸುವ ಕಾರ್ಡ್. ಬಿ550ಯಲ್ಲಿ ಅದಕ್ಕೆ ನಾಲ್ಕನೇ ಪೀಳಿಗೆಯ ವೇಗ ಸಿಗುತ್ತದೆ, ಬಿ450ಯಲ್ಲಿ ಮೂರನೆಯದ್ದು. ಅದಕ್ಕಿಂತ ಮುಖ್ಯ, ಹಳೆ ಸ್ಟಾಕ್ ಬಿ450 ಆದರೆ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡದೆ 5600 ಎದ್ದೇಳದೆ ಇರಬಹುದು. ಒಪ್ಪಿದರು. 75,000ಕ್ಕೆ ಮಿತಿ ಹಾಕಿ, ಮಿಕ್ಕ 4,500ನ್ನು ವಿಂಡೋಸ್ ಲೈಸೆನ್ಸಿನ ಕಡೆಗೆ ಎತ್ತಿಡಿ ಅಂದರು. ಅದಕ್ಕೆ ಕಡಿಮೆ ಬೀಳುವುದನ್ನು ಹುಡುಗ ತನ್ನ ಉಳಿತಾಯದಿಂದ ಹಾಕುವುದು ಅಂತ ಮಾತಾಯಿತು. ನೂರಿನ್ನೂರು ರೂಪಾಯಿಗೆ ಸಿಗುವ ಕೀಗಳ ಸಹವಾಸಕ್ಕೆ ನಾವು ಹೋಗಲಿಲ್ಲ.

ಒಂದು ಮಾತು. ಈ ಬೆಲೆಗಳು ಆ ಮೇ ತಿಂಗಳಿನವು. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ವಿಪರೀತ ಏರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಈಗ ಕಟ್ಟುವವರು ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ಮೊದಲು ಕೇಳಿ, ಆಮೇಲೆ ಉಳಿದದ್ದನ್ನು ಹೊಂದಿಸಿ. ಎಸ್‌ಎಸ್‌ಡಿಯನ್ನು 500 ಜಿಬಿಗೆ ಇಳಿಸಬಹುದು, ಬೋರ್ಡಿನಲ್ಲಿ ಎರಡನೇ ಸ್ಲಾಟ್ ಇದ್ದರೆ ಆಮೇಲೆ ಇನ್ನೊಂದು ಸೇರಿಸಬಹುದು. ಹಳೆಯದು ಕೊಳ್ಳಲೇಬೇಕಾದರೆ ಡಿಡಿಆರ್4 ರ‍್ಯಾಮ್ ಕೊಳ್ಳಿ. ಅದರಲ್ಲಿ ಸವೆಯುವ ಭಾಗ ಇಲ್ಲ, ಒಂದು ರಾತ್ರಿ ಮೆಮ್‌ಟೆಸ್ಟ್ ಎಂಬ ಪರೀಕ್ಷೆ ಓಡಿಸಿದರೆ ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗುತ್ತದೆ.

ಕೈಯಲ್ಲಿ ಇದಕ್ಕಿಂತ ಕಡಿಮೆ ದುಡ್ಡು ಇರುವವರಿಗೂ ದಾರಿ ಇದೆ. 5600ರ ಬದಲು 5600ಜಿ ತಗೊಳ್ಳಿ, ಅದರೊಳಗೇ ಗ್ರಾಫಿಕ್ಸ್ ಇದೆ. ಕಾರ್ಡ್ ಇಲ್ಲದೆಯೇ ವ್ಯಾಲರಂಟ್ ಆಡಬಹುದು. ಆದರೆ ಎಸ್‌ಎಂಪಿಎಸ್ ಮಾತ್ರ ಈಗಲೇ 550 ವ್ಯಾಟ್‌ನದ್ದು ಹಾಕಿ, ಕಾರ್ಡ್ ಮುಂದಿನ ವರ್ಷ ಬರಲಿ. ರ‍್ಯಾಮ್ ಎರಡು ಸ್ಟಿಕ್ ಇರಲೇಬೇಕು, ಯಾಕೆಂದರೆ ಒಳಗಿನ ಗ್ರಾಫಿಕ್ಸ್ ಬಳಸುವುದು ಆ ರ‍್ಯಾಮನ್ನೇ.

ಲ್ಯಾಮಿಂಗ್ಟನ್ ರೋಡ್

ಮುಂಬೈಯ ಈ ಕಂಪ್ಯೂಟರ್ ಅಂಗಡಿಗಳ ರಸ್ತೆಯ ಸರಕಾರಿ ಹೆಸರು ಡಾ. ದಾದಾಸಾಹೇಬ್ ಭಡ್ಕಮಕರ್ ಮಾರ್ಗ. ಕಂಪ್ಯೂಟರ್ ಕೊಳ್ಳುವವರು ಯಾರೂ ಹಾಗೆ ಕರೆಯುವುದಿಲ್ಲ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ದಾದರ್, ಅಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಸ್ಲೋ ಲೋಕಲ್‌ನಲ್ಲಿ ಗ್ರಾಂಟ್ ರೋಡ್. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಶನಿವಾರ ಬೆಳಗ್ಗೆ ಹೋಗುವುದು ಒಳ್ಳೆಯದು. ಆನ್‌ಲೈನ್ ಬೆಲೆಗೂ ಇಲ್ಲಿಗೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆದರೂ ನಾನು ಇಲ್ಲಿಗೇ ಹೋಗುತ್ತೇನೆ. ಬೋರ್ಡಿನ ಸಾಕೆಟ್, ಪ್ರೊಸೆಸರಿನ ಪಿನ್ ಎಲ್ಲ ಅಂಗಡಿಯಲ್ಲೇ ನೋಡಿ ತರಬಹುದು. ಒಂದು ಭಾಗ ಏಳದಿದ್ದರೆ ಕೊರಿಯರ್ ಕಾಯದೆ ಬದಲಿಸಿಕೊಳ್ಳಬಹುದು.

ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಪಟ್ಟಿಯನ್ನು ಮತ್ತೊಮ್ಮೆ ನೋಡಿದೆವು. ಒಂದೇ ಅಂಗಡಿಯಲ್ಲಿ ಎಲ್ಲ ಕೊಳ್ಳುವುದು ಅಂತ ಮೊದಲೇ ತೀರ್ಮಾನ. ಹತ್ತು ಅಂಗಡಿಯಲ್ಲಿ ನೂರು ನೂರು ಉಳಿಸಿದರೆ, ಪಿಸಿ ಏಳದ ದಿನ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಮೂರು ಕಡೆ ಪೂರ್ತಿ ಪಟ್ಟಿಗೆ ಬೆಲೆ ಬರೆಸಿಕೊಂಡೆವು. ಅಂಗಡಿಯವರ ಎದುರೇ ಕನ್ನಡದಲ್ಲಿ ಮಾತಾಡಿಕೊಂಡು ಎಷ್ಟಕ್ಕೆ ನಿಲ್ಲಬೇಕು ಅಂತ ತೀರ್ಮಾನಿಸುವ ಅನುಕೂಲ ನಮಗಿತ್ತು. ಅದರಿಂದ ಕೆಲಸ ಸಲೀಸಾಯಿತು.

ಬಿಲ್ ಬೇಕಾ ಬೇಡವಾ ಅಂತ ಕೇಳುತ್ತಾರೆ. ಬೇಡ ಅಂದರೆ ಬೆಲೆ ಇಳಿಯುತ್ತದೆ. ಬೇಕು ಅನ್ನಿ. ಬಿಲ್‌ನಲ್ಲಿ ಪ್ರತಿ ವಸ್ತುವಿನ ಪೂರ್ತಿ ಮಾದರಿ ಹೆಸರು ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಮೂರು ವರ್ಷದ ವಾರಂಟಿ ಅನ್ನುವುದು ಆ ಕಾಗದ. ಒಂದು ಕಡೆ ಪಟ್ಟಿಯ ಎಸ್‌ಎಂಪಿಎಸ್ ಇಲ್ಲ, "ಸೇಮ್ ಚೀಜ್ ಹೈ" ಅಂತ ಇನ್ನೊಂದು ಕೊಡಲು ನೋಡಿದರು. ಹುಡುಗ ತಾನೇ ಸ್ಟಿಕ್ಕರ್ ಓದಿ, 12 ವೋಲ್ಟ್ ಗುಣಿಸಿ, ಬೇಡ ಅಂದ. ನನಗೆ ತುಂಬ ಖುಷಿಯಾದದ್ದು ಆ ಗಳಿಗೆಯಲ್ಲಿ.

ಮಧ್ಯಾಹ್ನದ ಹೊತ್ತಿಗೆ ಲೋಕಲ್‌ನ ಲಗೇಜ್ ಡಬ್ಬ ಖಾಲಿ ಇರುತ್ತದೆ. ಕ್ಯಾಬಿನೆಟ್, ಮಾನಿಟರ್ ಅದರಲ್ಲೇ ಬಂದವು. ಯುಪಿಎಸ್ ಮಾತ್ರ ಡೊಂಬಿವಲಿಯಲ್ಲೇ ತಗೊಂಡೆವು. ಬ್ಯಾಟರಿ ಭಾರ, ಹೊತ್ತು ತರುವುದರಲ್ಲಿ ಅರ್ಥವಿಲ್ಲ.

ಜೋಡಣೆ

ಡಬ್ಬ ತೆರೆಯುವ ಮೊದಲು ಮಲ್ಟಿಮೀಟರ್ ಹಿಡಿದು ಮೇಜಿನ ಪಕ್ಕದ ಸಾಕೆಟ್ ನೋಡಿದೆ. ಹಳೆ ಕಟ್ಟಡಗಳಲ್ಲಿ ಇದು ಬೇಕೇ ಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಬರಬೇಕು. ಫೇಸ್ ಮತ್ತು ಅರ್ಥಿಂಗ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥಿಂಗ್ ನಡುವೆ ಒಂದೆರಡು ವೋಲ್ಟ್. ನಮ್ಮಲ್ಲಿ ಎರಡನೇ ಅಂಕಿ ನಿಲ್ಲದೆ ಓಲಾಡುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ತೆಗೆದು ನೋಡಿದರೆ ಸಾಕೆಟ್ ಹಿಂದೆ ಹಸಿರು ವೈರ್ ಕಟ್ಟೇ ಇರಲಿಲ್ಲ. ಕಟ್ಟಿದ ಮೇಲೆ ಅಂಕಿ ಸರಿಯಾಯಿತು. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ. ಲೋಹದ ಕ್ಯಾಬಿನೆಟ್, ಒದ್ದೆ ಕಾಲು, ಮಳೆಗಾಲ: ಇದರಲ್ಲಿ ಸಲಿಗೆ ಬೇಡ.

ಊಟದ ಮೇಜಿನ ಮೇಲೆ, ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲಿಟ್ಟು ಶುರು ಮಾಡಿದೆವು. ಪೂರ್ತಿ ಕೆಲಸ ಹುಡುಗನದ್ದೇ, ನಾನು ಪಕ್ಕದಲ್ಲಿ ಕೂತಿದ್ದೆ. ಎಎಂ4ನಲ್ಲಿ ಪಿನ್ ಇರುವುದು ಪ್ರೊಸೆಸರ್‌ನಲ್ಲಿ. ಮೂಲೆಯ ಚಿನ್ನದ ತ್ರಿಕೋನ ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿದರೆ ಅದು ತಾನೇ ಇಳಿಯುತ್ತದೆ, ಒತ್ತಬಾರದು. ಕೂಲರ್ ಕೂರಿಸಲು ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಹಿಡಿಗಳನ್ನು ಬಿಚ್ಚಬೇಕು. ಬಿಚ್ಚುವಾಗ ಹಿಂಬದಿಯ ಲೋಹದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡಿರಿ, ಇಲ್ಲದಿದ್ದರೆ ಕಳಚಿ ಬೀಳುತ್ತದೆ. ನಾಲ್ಕು ಸ್ಕ್ರೂಗಳನ್ನು ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಶಾಖ ಸಾಗಿಸುವ ಪೇಸ್ಟ್ ಕೂಲರ್‌ಗೆ ಮೊದಲೇ ಹಚ್ಚಿರುತ್ತದೆ. ರ‍್ಯಾಮ್ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ.

ಕ್ಯಾಬಿನೆಟ್ಟಿಗೆ ಹಾಕುವ ಮೊದಲು ಮೇಜಿನ ಮೇಲೇ ಒಮ್ಮೆ ಎಬ್ಬಿಸಿ ನೋಡಿದೆವು. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 24 ಪಿನ್ ಕೇಬಲ್, ಪ್ರೊಸೆಸರಿನ 8 ಪಿನ್, ಕಾರ್ಡ್, ಕಾರ್ಡಿನ 8 ಪಿನ್. ಪವರ್ ಸ್ವಿಚ್ಚಿನ ಎರಡು ಪಿನ್‌ಗಳಿಗೆ ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಪಿಸಿ ಏಳುತ್ತದೆ. ಮಾನಿಟರ್ ಕೇಬಲ್ ಕಾರ್ಡಿಗೆ ಹಾಕಬೇಕು, 5600ರೊಳಗೆ ಗ್ರಾಫಿಕ್ಸ್ ಇಲ್ಲದಿರುವುದರಿಂದ ಬೋರ್ಡಿನ ಕಿಂಡಿಯಿಂದ ಏನೂ ಬಾರದು. ಬಯಾಸ್ ಪರದೆ ಬಂತು. ಇಷ್ಟಾದರೆ ಎಲ್ಲ ಭಾಗಗಳೂ ಜೀವಂತ ಅಂತ ಗೊತ್ತಾಯಿತು. ಆಮೇಲೆ ಕ್ಯಾಬಿನೆಟ್ ಒಳಗೆ ಏನಾದರೂ ತೊಂದರೆ ಬಂದರೆ ಹುಡುಕುವ ಜಾಗ ಕಡಿಮೆ.

ಕ್ಯಾಬಿನೆಟ್ ಕೆಲಸದಲ್ಲಿ ಹೇಳಬೇಕಾದದ್ದು ಎರಡೇ. ಪ್ರೊಸೆಸರಿನ 8 ಪಿನ್ ಕೇಬಲನ್ನು ಮೇಲಿನ ಎಡ ಮೂಲೆಯಿಂದ ಮೊದಲೇ ಎಳೆದಿಡಿ, ಬೋರ್ಡ್ ಕೂತ ಮೇಲೆ ಬೆರಳು ಹೋಗುವುದಿಲ್ಲ. ಹಿಂಬದಿಯ ಖಾಲಿ ಸ್ಲಾಟ್‌ಗಳ ಪಟ್ಟಿಗಳನ್ನು ತೆಗೆದು ಬಿಸಾಡಬೇಡಿ, ಹಾಕಿಡಿ. ಮುಂಬೈ ಮನೆಗಳಲ್ಲಿ ಜಿರಳೆ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿದೆವು. ಅದಿಲ್ಲದೆ 3200ರ ರ‍್ಯಾಮ್ 2400 ಅಥವಾ 2666ರಲ್ಲೇ ಓಡಬಹುದು. ಪ್ರೊಸೆಸರ್‌ಗೆ ಕಾರ್ಡಿನ ಪೂರ್ತಿ ಮೆಮೊರಿ ಒಮ್ಮೆಗೇ ಸಿಗುವಂತೆ ಮಾಡುವ ರೀಸೈಜಬಲ್ ಬಾರ್ ಕೂಡ ಆನ್. ವಿಂಡೋಸ್ 11ರಲ್ಲಿ ವ್ಯಾಲರಂಟ್‌ಗೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ವ್ಯವಸ್ಥೆಗಳು ಬೇಕು, ಅವನ್ನು ಆನ್ ಮಾಡುವುದೂ ಇಲ್ಲೇ. ವಿಂಡೋಸ್ ಹಾಕಿ, ಡ್ರೈವರ್ ಹಾಕಿ, ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 165 ಹರ್ಟ್ಸ್ ಆರಿಸಿದೆವು. ನಾವಾಗಿ ಆರಿಸದಿದ್ದರೆ ಅದು 60ರಲ್ಲೇ ಕೂತುಬಿಡಬಹುದು.

ಶಾಖ

ಯೂಟ್ಯೂಬ್‌ನಲ್ಲಿ ತೋರಿಸುವ ಶಾಖದ ಅಂಕಿಗಳನ್ನು ನಮ್ಮ ಊರಿಗೆ ಹಾಗೇ ಹೊಂದಿಸಬಾರದು. ಅವರ ಕೋಣೆ 21, 22 ಡಿಗ್ರಿ. ಮೇ ತಿಂಗಳ ಡೊಂಬಿವಲಿಯಲ್ಲಿ ಫ್ಯಾನ್ ಹಾಕಿದ ಕೋಣೆ 32 ದಾಟುತ್ತದೆ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಅದಕ್ಕೇ ಮುಂದೆ ಗಾಜು ಇರುವ ಚೆಂದದ ಕ್ಯಾಬಿನೆಟ್ ಬಿಟ್ಟು ಜಾಲರಿ ಇರುವುದನ್ನೇ ತಂದದ್ದು. ಅದೂ ಬಜೆಟ್ಟಿನ ಮಾತೇ: ಅದೇ 3,500ಕ್ಕೆ ಬಣ್ಣದ ದೀಪ ಸಿಗುತ್ತದೆ, ಅಥವಾ ಗಾಳಿ ಸಿಗುತ್ತದೆ.

ಒಂದು ಗಂಟೆ ಜಿಟಿಎ 5 ಆಡಿಸಿದಾಗ ಕಾರ್ಡ್ 72 ಡಿಗ್ರಿಯಲ್ಲಿ ನಿಂತಿತು. ಆಟದಲ್ಲಿ ಪ್ರೊಸೆಸರ್ 75ರ ಸುತ್ತ ಇತ್ತು. ಎಲ್ಲ ಕೋರ್ ದುಡಿಸುವ ಸ್ಟ್ರೆಸ್ ಟೆಸ್ಟ್ ಹಾಕಿದಾಗ 86ಕ್ಕೆ ಏರಿತು. 5600ಕ್ಕೆ ಎಎಂಡಿ ಹೇಳುವ ಮಿತಿ 90. ಆಡುವುದಕ್ಕೆ ತೊಂದರೆ ಇಲ್ಲ, ಆದರೆ ಕೂಲರ್‌ನ ಸದ್ದು ಜಾಸ್ತಿ. ಮೇಜು ಕಿಟಕಿಯ ಪಕ್ಕದಲ್ಲಿತ್ತು, ಅದನ್ನು ಒಳಗೋಡೆಗೆ ಸರಿಸಿದೆವು. ಮಳೆಯ ಎರಚಲು ಮತ್ತು ತೇವ ಎರಡೂ ಲೋಹಕ್ಕೆ ಆಗದು. ಜಾಲರಿಯ ಧೂಳನ್ನು ಹದಿನೈದು ದಿನಕ್ಕೊಮ್ಮೆ ಬ್ರಶ್‌ನಲ್ಲಿ ತೆಗೆಯುವುದು ಹುಡುಗನ ಕೆಲಸ. ಮಳೆಗಾಲದಲ್ಲಿ ಊರಿಗೆ ಹೋಗಿ ವಾರಗಟ್ಟಲೆ ಮನೆ ಮುಚ್ಚಿದ್ದರೆ, ಬಂದ ಕೂಡಲೇ ಆನ್ ಮಾಡದೆ ಒಂದು ದಿನ ಕೋಣೆಗೆ ಗಾಳಿಯಾಡಲು ಬಿಡಬೇಕು ಅಂತಲೂ ಹೇಳಿದ್ದೇನೆ.

ಮುಂದಿನ ಖರ್ಚು ಒಂದು ಟವರ್ ಕೂಲರ್. 2,000 ರೂಪಾಯಿ ಸಾಕು. ಸ್ಟ್ರೆಸ್ ಟೆಸ್ಟಿನ ಆ 86 ಅದರಿಂದ ಎಷ್ಟು ಇಳಿಯುತ್ತದೆ ಅಂತ ಅಳೆದು ಇಲ್ಲೇ ಸೇರಿಸುತ್ತೇನೆ.